ಇಳಿಯದ ಮುಳ್ಳು

ಮೊದಲು ಅದು ವಾಗೀಶನ ಕಿವಿಗೆ ಬಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿಂದು, ಒಂಟಿಕೊಪ್ಪಲಿನ ಮನೆಯಿಂದ ಕಾಲೇಜಿಗೆ ಹೊರಟವನು ಸಿಗ್ನಲ್‌ನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು ಕೂತಿದ್ದ. ನಿಂತ ಕಾರಿನ ಡೀಸೆಲ್ ಇಂಜಿನ್ ಎಂದಿನಂತೆ ಗುಡುಗುಡು ಎನ್ನುತ್ತಾ ಇರಬೇಕಿತ್ತು. ಅದರ ಬದಲು ಯಾರೋ ಸಣ್ಣಗೆ ರೇಸ್ ಕೊಡುತ್ತಿರುವ ಹಾಗೆ ಒಂದೇ ಸಮನೆ ಮೊರೆಯುತ್ತಿತ್ತು. ಡ್ಯಾಶ್‌ಬೋರ್ಡ್ ನೋಡಿದ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು, ಎಂಟುನೂರರ ಆಸುಪಾಸಿನಲ್ಲಿ ನಿಲ್ಲಬೇಕಾದದ್ದು, ಸಾವಿರದ ಇನ್ನೂರರಲ್ಲಿತ್ತು. ಹಸಿರು ಬಿತ್ತು, ಹೊರಟ. ಮುಂದಿನ ಸಿಗ್ನಲ್‌ನಲ್ಲೂ ಅದೇ ಸದ್ದು.

ವಾಗೀಶ ಖಾಸಗಿ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಐವತ್ತೇಳು ವಯಸ್ಸು. ಬ್ಯೂರೆಟ್ಟಿನಿಂದ ಒಂದು ತೊಟ್ಟು ಹೆಚ್ಚಿಗೆ ಬಿದ್ದರೂ ಇಡೀ ಪ್ರಯೋಗವನ್ನು ಮತ್ತೆ ಮಾಡಿಸುತ್ತಾನೆಂದು ಹುಡುಗರು ಬೈದುಕೊಳ್ಳುತ್ತಿದ್ದರು. ಮನೆಯಲ್ಲಿ ಗೋಡೆ ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೆ ಅದನ್ನು ಸರಿ ಮಾಡದೆ ಊಟಕ್ಕೆ ಕೂರುತ್ತಿರಲಿಲ್ಲ. ಅಂಥವನಿಗೆ ತಾನೇ ಹನ್ನೊಂದು ವರ್ಷ ಜತನದಿಂದ ಓಡಿಸಿದ ಕಾರು ಹೀಗೆ ಕಾರಣವಿಲ್ಲದೆ ಕೂಗಾಡುವುದು ಸಹಿಸಲಾಗದ ಸಂಗತಿಯಾಯಿತು.

ಆ ಭಾನುವಾರ ಮಗಳು ಸಮನ್ವಿತಾ ಕಾರು ತೆಗೆದುಕೊಂಡು ಹೋದಳು. ಅವಳು ನಜರ್‌ಬಾದಿನ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದಳು. ವಾಪಸ್ ಬಂದ ಕೂಡಲೇ ವಾಗೀಶ ವಿಚಾರಿಸಿದ. ಏನೂ ಇಲ್ಲ, ಚೆನ್ನಾಗಿಯೇ ಇದೆ ಎಂದಳು. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಎಲ್ಲಿತ್ತು ಎಂದು ಕೇಳಿದ. ಮುಳ್ಳು ಯಾರು ನೋಡುತ್ತಾರೆ ಎಂದು ನಕ್ಕಳು. ಇವಳಿಗೆ ಇಂಜಿನ್ನೂ ಒಂದೇ, ಮಿಕ್ಸಿಯೂ ಒಂದೇ ಎಂದು ವಾಗೀಶ ಒಳಗೊಳಗೇ ಸಿಡಿಮಿಡಿಗೊಂಡ.

ಸೋಮವಾರ ಕಾಲೇಜು ಮುಗಿಸಿ ನೇರ ಮಂಡಿ ಮೊಹಲ್ಲಾಕ್ಕೆ ಹೋದ. ಬೆಲ್ಲದ ಸಗಟು ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಕುಮಾರಸ್ವಾಮಿಯ ಗ್ಯಾರೇಜು. ಕಾರು ಕೊಂಡ ಎರಡನೆಯ ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವನು ಅವನೇ. ವಾಗೀಶ ಒಳಗೆ ತಂದು ನಿಲ್ಲಿಸಿ, ಇಂಜಿನ್ ಆರಿಸದೆ ಕಿಟಕಿ ಇಳಿಸಿದ. ಅದೃಷ್ಟಕ್ಕೆ ಆಗಲೂ ಅದೇ ಸದ್ದು ಬರುತ್ತಿತ್ತು. ಕುಮಾರಸ್ವಾಮಿ ಬಾನೆಟ್ ಮೇಲೆ ಅಂಗೈ ಇಟ್ಟು ಆಲಿಸಿದ. ಹೌದು, ಐಡ್ಲಿಂಗ್ ಜಾಸ್ತಿಯೇ ಇದೆ ಎಂದು ಒಪ್ಪಿಕೊಂಡ. ಒಬ್ಬನಾದರೂ ಒಪ್ಪಿದನಲ್ಲ ಎಂದು ವಾಗೀಶನಿಗೆ ಅರ್ಧ ಸಮಾಧಾನವಾಯಿತು.

ಸ್ಕ್ಯಾನರ್ ಹಾಕಿ ನೋಡಿದರೆ ಯಾವ ದೋಷವೂ ಬರಲಿಲ್ಲ. ಇಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು ಎಂದ ಕುಮಾರಸ್ವಾಮಿ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ರು ಡೀಸೆಲ್ ಹೆಚ್ಚು ಕೊಡುತ್ತದೆ, ಅದಕ್ಕೇ ಹೀಗೆ. ಸೆನ್ಸರ್ ಬದಲಾಯಿಸಿ, ತಾನೇ ಕೂತು ಒಂದು ಸುತ್ತು ಓಡಿಸಿಕೊಂಡು ಬಂದ. ಮುಳ್ಳು ಎಂಟುನೂರರಲ್ಲಿ ಅಲ್ಲಾಡದೆ ನಿಂತಿತ್ತು.

ಬುಧವಾರ ಮತ್ತೆ ಏರಿತು.

ಎರಡನೆಯ ಸಲ ಬ್ಯಾಟರಿಯ ಮೇಲೆ ಅನುಮಾನ ಬಂತು. ಚಾರ್ಜು ಸಾಲದಿದ್ದರೆ ಇಂಜಿನ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದಂತೆ. ಹಳೆಯ ಬ್ಯಾಟರಿ ಹೋಗಿ ಹೊಸದು ಬಂತು. ಆಗಲೂ ಕುಮಾರಸ್ವಾಮಿ ಓಡಿಸಿ ನೋಡಿದ, ಆಗಲೂ ಸರಿಯಾಗಿತ್ತು. ವಾಗೀಶ ಖುಷಿಯಿಂದ ಹೊರಟ. ಮನೆ ಮುಟ್ಟುವ ಮೊದಲೇ, ಗೇಟು ತೆಗೆಯಲು ಹೆಂಡತಿ ಅಲಮೇಲು ಬರಲೆಂದು ಕಾಯುತ್ತಾ ನಿಂತಾಗ, ಇಂಜಿನ್ ಮತ್ತೆ ಮೊರೆಯಿತು. ಅವನು ಸ್ಟೀರಿಂಗ್ ಮೇಲೆ ಗುದ್ದಿದ. ಹಾರ್ನ್ ಕೂಗಿತು, ತನ್ನನ್ನೇ ಕರೆದದ್ದು ಅಂದುಕೊಂಡು ಅಲಮೇಲು ಓಡಿ ಬಂದಳು.

ಕಾಲೇಜಿನಲ್ಲಿ ಎಲ್ಲರಿಗೂ ಈ ವಿಷಯ ತಿಳಿಯಿತು. ಫಿಸಿಕ್ಸ್ ಮೇಷ್ಟ್ರು ಎಲ್ಲೋ ಗಾಳಿ ಸೋರುತ್ತಿರಬೇಕು ಎಂದರು. ಕುಮಾರಸ್ವಾಮಿ ಅದನ್ನು ತಳ್ಳಿಹಾಕಿದ. ಗಾಳಿ ಸೋರಿ ರೇಸ್ ಆಗುವುದು ಪೆಟ್ರೋಲ್ ಗಾಡಿ. ಡೀಸೆಲ್ ಗಾಡಿಯಲ್ಲಿ ಎಣ್ಣೆ ಹೆಚ್ಚು ಹೋದರಷ್ಟೇ ಇಂಜಿನ್ ಏರುತ್ತದೆ, ಯಾರು ಹೆಚ್ಚು ಎಣ್ಣೆ ಕೇಳುತ್ತಿದ್ದಾರೆ ಅನ್ನುವುದನ್ನು ಹುಡುಕಬೇಕು. ಆದರೆ ಹುಡುಕುವ ಹೊತ್ತಿಗೆ ಕಾರು ಸಭ್ಯಸ್ಥನ ಹಾಗೆ ಇರುತ್ತಿತ್ತು. ವಾಗೀಶನಿಗೆ ತಾಳ್ಮೆ ತಪ್ಪಿತು. ಊರಾಚೆಯ ದೊಡ್ಡ ಸರ್ವೀಸ್ ಸೆಂಟರಿನಲ್ಲಿ ಎರಡು ದಿನ ಬಿಟ್ಟ. ಅವರು ಕಾರನ್ನು ಚೆನ್ನಾಗಿ ತೊಳೆದು, ಒಳಗೆಲ್ಲ ಸುಗಂಧ ಹೊಡೆದು, ಯಾವ ದೋಷವೂ ಕಂಡುಬಂದಿಲ್ಲ ಎಂದು ಕೊಟ್ಟುಕಳಿಸಿದರು. ಅಲ್ಲಿಂದ ಹೊರಬಿದ್ದು ಮೊದಲ ತಿರುವಿನಲ್ಲಿ ನಿಂತಾಗಲೇ ಮುಳ್ಳು ಸಾವಿರದ ಇನ್ನೂರಕ್ಕೆ ಹೋಯಿತು. ಆ ಸುಗಂಧದ ವಾಸನೆಗೂ ಈ ಸದ್ದಿಗೂ ಸೇರಿ ಅವನಿಗೆ ತಲೆನೋವು ಬಂತು.

ಆ ವಾರ ಮನೆಯಲ್ಲಿ ಯಾರೂ ಅವನ ಹತ್ತಿರ ಸರಿಯಾಗಿ ಮಾತಾಡುವಂತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಕೊನೆಗೆ ಮಾತು ಕಾರಿನ ಕಡೆಗೇ ತಿರುಗುತ್ತಿತ್ತು. ತಾನು ಓಡಿಸುವಾಗ ಒಂದು ಸಲವೂ ಹಾಗಾಗಿಲ್ಲ ಎಂದು ಸಮನ್ವಿತಾ ಮತ್ತೊಮ್ಮೆ ಹೇಳಿದಳು.

"ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತಲಾ?"

"ಹಾಗಲ್ಲ ಕಣಪ್ಪ. ನೀನು ಓಡಿಸಿದಾಗ ಮಾತ್ರ ಆಗುತ್ತೆ ಅಂತ ಅಷ್ಟೇ ಹೇಳಿದ್ದು."

ಅವನು ತಟ್ಟೆ ಬಿಟ್ಟು ಎದ್ದ. ಮಗಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಹೊತ್ತಿಗೆ ಅದು ತನ್ನ ಓಡಿಸುವಿಕೆಯ ಮೇಲೆ ಹೊರಿಸಿದ ಆಪಾದನೆಯ ಹಾಗೆ ಕೇಳಿಸಿತು. ಮೂವತ್ತು ವರ್ಷದಿಂದ ಕಾರು ಓಡಿಸುತ್ತಿದ್ದವನು ಅವನು. ಯಾರಿಗೂ ಒಂದು ಗೀರು ಸಹ ಮಾಡಿದವನಲ್ಲ.

ಮೂರನೆಯ ಸಲ ಗ್ಯಾರೇಜಿಗೆ ಹೋದಾಗ ಕುಮಾರಸ್ವಾಮಿ, ವಾಗೀಶನನ್ನು ಸೀಟಿನಲ್ಲೇ ಕೂರಿಸಿ, ಇಂಜಿನ್ ಓಡುತ್ತಿರುವಾಗಲೇ ಸ್ಕ್ಯಾನರಿನಲ್ಲಿ ಒಂದೊಂದು ಅಂಕಿಯನ್ನೂ ನೋಡುತ್ತಾ ಹೋದ. ಮುಳ್ಳು ಏರಿತ್ತು. ಆಕ್ಸಿಲರೇಟರ್ ಪೆಡಲ್ ಆರು ಪರ್ಸೆಂಟ್ ಒತ್ತಿದೆ ಎಂದು ತೋರಿಸುತ್ತಿತ್ತು. ಕಾಲು ಪೆಡಲ್ ಮೇಲಿದೆಯಾ ಎಂದು ಕೇಳಿದ. ಇಲ್ಲ ಎಂದ ವಾಗೀಶ. ಹಾಗಾದರೆ ಪೆಡಲ್ ಸೆನ್ಸರ್ರೇ ಹಾಳಾಗಿದೆ ಎಂದು ಕುಮಾರಸ್ವಾಮಿ ಗೆದ್ದವನ ಹಾಗೆ ತೊಡೆ ತಟ್ಟಿಕೊಂಡ. ಹೊಸ ಪೆಡಲ್ ತರಿಸಲು ಮೂರು ದಿನ ಹಿಡಿಯಿತು. ಹಾಕಿ, ತಾನೇ ಓಡಿಸಿ ನೋಡಿ, ಇನ್ನು ಯೋಚನೆ ಬೇಡ ಎಂದು ಬೀಗದ ಕೈ ಕೊಟ್ಟ.

ವಾಗೀಶನಿಗೂ ಅದು ಸರಿಯಾದ ಕಾರಣ ಅನ್ನಿಸಿತ್ತು. ಅಂಕಿ ತೋರಿಸಿತ್ತಲ್ಲ. ಅಳತೆಗೆ ಸಿಕ್ಕಿದ್ದು ನಿಜ ಎಂದು ನಂಬಿದವನು ಅವನು.

ಮರುದಿನ ಬೆಳಿಗ್ಗೆ, ಒಂಟಿಕೊಪ್ಪಲಿನ ಸರ್ಕಲ್ ಹತ್ತಿರ, ಸಾಲಾಗಿ ನಿಂತ ವಾಹನಗಳ ನಡುವೆ ಕಾರು ಮತ್ತೆ ಮೊರೆಯಿತು. ಮುಂದಿನ ಆಟೋ ಒಂದಿಷ್ಟು ಸರಿಯಿತು. ಸಿಟ್ಟಿನಲ್ಲೇ ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟ. ಕಾರು ಅಂದುಕೊಂಡದ್ದಕ್ಕಿಂತ ಜೋರಾಗಿ ಮುನ್ನುಗ್ಗಿತು. ಆಟೋಗೆ ತಾಗದಿರಲೆಂದು ಎಡಕ್ಕೆ ತಿರುಗಿಸಿದ. ರಸ್ತೆಯಂಚಿನ ತಳ್ಳುಗಾಡಿಗೆ ಬಂಪರ್ ಬಡಿದು ಗಾಡಿ ವಾಲಿತು, ಸೇವಂತಿಗೆ ಮೊರ ರಸ್ತೆಗೆ ಬಿತ್ತು. ಗಾಡಿಯ ಹಿಂದೆ ಕೂತು ಹೂ ಕಟ್ಟುತ್ತಿದ್ದ ಚಾಮುಂಡಮ್ಮ ಪಕ್ಕಕ್ಕೆ ಉರುಳಿದಳು.

ವಾಗೀಶ ಇಳಿದು ಓಡಿದ. ಅವಳಿಗೆ ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಜನ ಸೇರಿದರು. ಕಾರು ಸರಿಯಿಲ್ಲ, ತಾನಾಗಿಯೇ ರೇಸ್ ಆಗುತ್ತದೆ, ನಾಲ್ಕು ಸಲ ತೋರಿಸಿದ್ದೇನೆ ಎಂದು ಅವನು ಎಲ್ಲರಿಗೂ ವಿವರಿಸಿದ. ಚಾಮುಂಡಮ್ಮ ಕೈ ಒರೆಸಿಕೊಳ್ಳುತ್ತಾ ಅವನನ್ನೇ ನೋಡುತ್ತಿದ್ದಳು.

"ತಾನಾಗೇ ಎಂಗ್ ಸಾಮಿ ಎಗರ್ತದೆ? ನಿಮ್ಮ ಕಾಲು ಎಲ್ಲಿತ್ತು?"

ಅವನು ಅವಳನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಗಾಯಕ್ಕೆ ಮದ್ದು ಹಾಕಿಸಿದ, ಬಿದ್ದ ಹೂವಷ್ಟನ್ನೂ ಕೊಂಡ. ಆ ದಿನ ಕಾಲೇಜಿಗೆ ಹೋಗಲಿಲ್ಲ. ಮನೆಗೆ ಬಂದು, ಹೂವಿನ ರಾಶಿಯನ್ನು ಅಲಮೇಲುವಿನ ಮುಂದೆ ಸುರಿದು, ಈ ಕಾರನ್ನು ಇವತ್ತೇ ಗುಜರಿಗೆ ಹಾಕುತ್ತೇನೆ ಎಂದ. ಅಲಮೇಲು ಏನಾಯಿತೆಂದು ಪೂರ್ತಿ ಕೇಳಿಸಿಕೊಂಡಳು. ಅವಳು ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷ ಕೌಂಟರಿನ ಹಿಂದೆ ಕೂತು, ಸಿಟ್ಟಿಗೆದ್ದವರ ಮಾತನ್ನು ಕೊನೆಯವರೆಗೂ ಕೇಳುವುದನ್ನು ರೂಢಿಸಿಕೊಂಡಿದ್ದಳು. ರಜೆ ಹಾಕುತ್ತೇನೆ, ಗ್ಯಾರೇಜಿಗೆ ನಾನೂ ಬರುತ್ತೇನೆ ಎಂದಳು. ನೀನು ಬಂದು ಏನು ಮಾಡುತ್ತೀಯ ಎಂದು ಅವನು ಕೇಳಿದ್ದಕ್ಕೆ, ಸುಮ್ಮನೆ ಕೂತಿರುತ್ತೇನೆ ಎಂದಳು.

ಕುಮಾರಸ್ವಾಮಿ ಕಾರು ಒಳಗೆ ಬರುವುದನ್ನು ಕಂಡು ಮುಖ ಸಣ್ಣ ಮಾಡಿಕೊಂಡ. ಹೂವಿನ ಗಾಡಿಯ ಕಥೆ ಕೇಳಿದ ಮೇಲೆ ಅವನ ಮುಖದಲ್ಲಿ ಭಯವೂ ಸೇರಿತು. ತಾನು ಹಾಕಿದ ಪೆಡಲ್‌ನಿಂದಲೇ ಹಾಗಾಯಿತೋ ಏನೋ ಎಂದು ಅದನ್ನು ಮತ್ತೆ ಬಿಚ್ಚಿ, ಕೈಯಲ್ಲಿ ಹಿಡಿದು ಒತ್ತಿ ಬಿಟ್ಟು ನೋಡಿದ. ಸ್ಪ್ರಿಂಗು ಚೆನ್ನಾಗಿತ್ತು. ಜೋಡಿಸಿ ಇಂಜಿನ್ ಶುರು ಮಾಡಿದ. ಎಂಟುನೂರು. ಅಲಮೇಲುವನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಸ್ಕ್ಯಾನರನ್ನು ಅವಳ ಕೈಗೆ ಕೊಟ್ಟು, ಪೆಡಲ್‌ನ ಈ ಅಂಕಿ ಬದಲಾದರೆ ಹೇಳಿ ಎಂದ. ಅದು ಸೊನ್ನೆಯಲ್ಲಿತ್ತು. ಆಮೇಲೆ ತಾನು ಇಳಿದು ವಾಗೀಶನನ್ನು ಕೂರಲು ಹೇಳಿದ.

ವಾಗೀಶ ಕೂತ. ಬೆಲ್ಟ್ ಎಳೆದುಕೊಂಡ, ಎಂದಿನ ಹಾಗೆ ಬೆನ್ನು ಒರಗಿಸಿದ. ಇಂಜಿನ್ ಮೆಲ್ಲಗೆ ದನಿ ಏರಿಸಿತು.

"ಆರು," ಎಂದಳು ಅಲಮೇಲು. "ಈಗ ಏಳು."

"ನೋಡಿದಿರಾ?" ಎಂದ ವಾಗೀಶ. ಅವನ ದನಿಯಲ್ಲಿ ಸಿಟ್ಟೂ ಇತ್ತು, ಕೊನೆಗೂ ಸಾಕ್ಷಿ ಸಿಕ್ಕ ನೆಮ್ಮದಿಯೂ ಇತ್ತು.

"ಪೆಡಲ್ ಮ್ಯಾಲಿಂದ ಕಾಲು ತೆಗೀರಿ ಮೇಷ್ಟ್ರೇ," ಎಂದ ಕುಮಾರಸ್ವಾಮಿ.

"ತೆಗೆದೇ ಇದೀನಲ್ಲ. ಎಷ್ಟು ಸಲ ಹೇಳೋದು?"

ಕುಮಾರಸ್ವಾಮಿ ತೆರೆದ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಒಳಗೆ ಬಗ್ಗಿದ. ತಲೆಯೆತ್ತಿ ವಾಗೀಶನ ಮುಖ ನೋಡಿ, ಮತ್ತೆ ಕೆಳಗೆ ನೋಡಿದ. ಅತ್ತ ಕಡೆಯಿಂದ ಅಲಮೇಲುವೂ ಬಗ್ಗಿದಳು.

ಇಂಜಿನ್ ಇದ್ದಕ್ಕಿದ್ದಂತೆ ಇಳಿಯಿತು. ಮುಳ್ಳು ಎಂಟುನೂರಕ್ಕೆ ಬಂತು.

"ಏನ್ ಮಾಡಿದ್ರಿ?" ಎಂದ ವಾಗೀಶ. "ಏನೋ ಮಾಡಿದ್ರಲ್ಲ ಈಗ. ಸಿಕ್ತಾ?"

ವಾಗೀಶ ಕೆಳಗೆ ನೋಡಿದ. ಅವನ ಬಲಗಾಲಿನ ಶೂ ಕುಮಾರಸ್ವಾಮಿಯ ಅಂಗೈಯಲ್ಲಿತ್ತು, ಪೆಡಲ್‌ನಿಂದ ನಾಲ್ಕು ಬೆರಳಷ್ಟು ಮೇಲೆ. ಯಾರೋ ತನ್ನ ಪಾದವನ್ನು ಹಿಡಿದಿದ್ದಾರೆ, ಎತ್ತಿದ್ದಾರೆ ಎಂಬುದು ಅವನಿಗೆ ಕಣ್ಣಿನಿಂದ ತಿಳಿಯಿತೇ ಹೊರತು ಪಾದದಿಂದ ತಿಳಿಯಲಿಲ್ಲ.

"ರೀ, ಕಾಲು ಅದರ ಮೇಲೇ ಇತ್ತು," ಎಂದಳು ಅಲಮೇಲು. ಮೆತ್ತಗೆ ಹೇಳಿದಳು.

ಅವನು ಮೊದಲು ಒಪ್ಪಲಿಲ್ಲ. ಈಗಷ್ಟೇ ಜಾರಿರಬೇಕು ಎಂದ. ಮತ್ತೆ ಮಾಡಿ ನೋಡೋಣ ಎಂದ. ಪಾದವನ್ನು ಪೆಡಲ್‌ನ ಪಕ್ಕದ ಮ್ಯಾಟಿನ ಮೇಲೆ ತಾನೇ ಇಟ್ಟುಕೊಂಡು, ಕಣ್ಣು ರಸ್ತೆಯ ಕಡೆಗೆ ನೆಟ್ಟು ಕೂತ. ಸ್ವಲ್ಪ ಹೊತ್ತಿಗೆ ಇಂಜಿನ್ ಏರಿತು. ಬಗ್ಗಿ ನೋಡಿದರೆ ಶೂವಿನ ತುದಿ ಪೆಡಲ್‌ಗೆ ಒರಗಿತ್ತು. ಇನ್ನೊಮ್ಮೆ ಮಾಡಿದ, ಇನ್ನೊಮ್ಮೆಯೂ ಹಾಗೇ. ಆಮೇಲೆ ಬೀಗದ ಕೈ ತಿರುಗಿಸಿ ಇಂಜಿನ್ ಆರಿಸಿದ. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಚಿರಚಿರ ಎನ್ನುತ್ತಿತ್ತು.

"ನಾನೂ ತಪ್ಪು ತಿಳ್ಕಂಬುಟ್ಟೆ ಮೇಷ್ಟ್ರೇ," ಎಂದ ಕುಮಾರಸ್ವಾಮಿ. "ಅವತ್ತೇ ಒಂದ್ಸಲ ಬಗ್ಗಿ ನೋಡ್ಬೇಕಾಗಿತ್ತು. ಸುಮ್ನೆ ಪೆಡ್ಲು ಬಿಚ್ಚಾಕ್ಬುಟ್ಟೆ."

ವಾಗೀಶನಿಗೆ ಅವನ ಮೇಲೆ ರೇಗಬೇಕೆನ್ನಿಸಿತು. ರೇಗಲು ಕಾರಣ ಸಿಗಲಿಲ್ಲ. ಇಳಿದು, ಸುತ್ತಿ ಬಂದು, ಅಲಮೇಲು ಹಿಂದಿನ ಸೀಟಿಗೆ ಸರಿದ ಮೇಲೆ ಪಕ್ಕದ ಸೀಟಿನಲ್ಲಿ ಕೂತ. ಕುಮಾರಸ್ವಾಮಿಯೇ ಅವರಿಬ್ಬರನ್ನೂ ಮನೆ ತಲುಪಿಸಿದ. ದಾರಿಯುದ್ದಕ್ಕೂ ಇಂಜಿನ್ ತೆಪ್ಪಗೆ ಗುಡುಗುಡು ಎನ್ನುತ್ತಿತ್ತು.

ಮಾರನೆಯ ದಿನ ಅಲಮೇಲು ಅವನನ್ನು ಡಾಕ್ಟರ್ ಸುಷ್ಮಾ ಅವರಲ್ಲಿಗೆ ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆಯವರ ಕಾಲುಗಳನ್ನೇ ನೋಡುವವರು ಅವರು. ಹದಿನೈದು ವರ್ಷದಿಂದ ವಾಗೀಶ ಮಾತ್ರೆ ನುಂಗುತ್ತಿದ್ದ, ರಕ್ತ ಕೊಡುತ್ತಿದ್ದ, ಅಂಕಿ ನೋಡುತ್ತಿದ್ದ. ಪಾದ ತೋರಿಸಬೇಕು ಎಂದು ಹೇಳಿದವರಿದ್ದರು, ನೋವಿಲ್ಲದ್ದನ್ನು ಏನು ತೋರಿಸುವುದು ಎಂದು ಮುಂದೂಡಿದ್ದ.

ಶೂ ಬಿಚ್ಚಲು ಹೇಳಿದರು. ಬಲಗಾಲಿನ ಸಾಕ್ಸು ಅಂಗಾಲಿಗೆ ಅಂಟಿಕೊಂಡಿತ್ತು. ನರ್ಸ್ ನೀರು ಹಾಕಿ ನೆನೆಸಿ ಬಿಡಿಸಿದಳು. ಹೆಬ್ಬೆರಳ ಬುಡದಲ್ಲಿ ಒಂದು ತೂತು, ಅದರ ಸುತ್ತ ಬಿಳಿಚಿಕೊಂಡ ಚರ್ಮ, ನಡುವೆ ಕೀವು. ಡಾಕ್ಟರ್ ಶೂವನ್ನು ತಿರುಗಿಸಿ ನೋಡಿದರು. ಅಟ್ಟೆಯಲ್ಲಿ ಒಂದು ಸ್ಕ್ರೂ ತಲೆಮಟ್ಟ ಹೂತಿತ್ತು, ಅದರ ಮೊನೆ ಒಳಗೆ ಬಂದಿತ್ತು. ಗ್ಯಾರೇಜಿನ ನೆಲದ್ದೇ ಇರಬೇಕು. ನಾಲ್ಕೈದು ದಿನದಿಂದ ಲ್ಯಾಬಿನಲ್ಲಿ ನಡೆಯುವಾಗ ಟಕ್ ಟಕ್ ಎಂದು ಸದ್ದಾಗುತ್ತಿದ್ದದ್ದು ವಾಗೀಶನಿಗೆ ಈಗ ನೆನಪಾಯಿತು. ಹಿಮ್ಮಡಿಯ ಲಾಳ ಸಡಿಲವಾಗಿರಬೇಕು ಎಂದುಕೊಂಡಿದ್ದ. ಕಾರಿನ ಚಿಂತೆಯಲ್ಲಿ ಶೂ ತಿರುಗಿಸಿ ನೋಡುವ ವ್ಯವಧಾನ ಯಾರಿಗಿತ್ತು?

ಅಲಮೇಲು ಬಾಯಿಗೆ ಸೆರಗು ಒತ್ತಿಕೊಂಡಳು.

ಗಾಯ ತೊಳೆದ ಮೇಲೆ ಡಾಕ್ಟರ್ ಅವನನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ನೈಲಾನ್ ಎಳೆಯಿಂದ ಪಾದ ಮುಟ್ಟುತ್ತೇನೆ, ಮುಟ್ಟಿದಾಗೆಲ್ಲ ಹೂಂ ಅನ್ನಿ ಎಂದರು. ಅವನು ಕಾದ. ಫ್ಯಾನಿನ ಸದ್ದು ಕೇಳುತ್ತಾ ಮಲಗಿದ್ದ.

"ಶುರು ಮಾಡಿ ಡಾಕ್ಟ್ರೇ."

"ಮುಗೀತು ಮೇಷ್ಟ್ರೇ," ಎಂದರು ಸುಷ್ಮಾ.

ಅವನು ಕಣ್ಣು ತೆರೆಯಲಿಲ್ಲ. ಅಷ್ಟು ದಿನ ಕಾರಿನ ಮೇಲೆ, ಕುಮಾರಸ್ವಾಮಿಯ ಮೇಲೆ, ಮಗಳ ಮೇಲೆ, ರಸ್ತೆಯಲ್ಲಿ ಬಿದ್ದ ಹೆಂಗಸಿನ ಮೇಲೆ ಕೂಡ ಇದ್ದ ಸಿಟ್ಟಿಗೆ ಈಗ ಹೋಗಲು ಜಾಗವಿರಲಿಲ್ಲ. ಸ್ವಂತ ಪಾದದ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಅಲಮೇಲುವಿನ ಕೈ ತನ್ನ ಹಣೆಯ ಮೇಲಿರುವುದು ಮಾತ್ರ ಅವನಿಗೆ ಚೆನ್ನಾಗಿ ತಿಳಿಯಿತು.

ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರ್. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಆ ಒಂದೂವರೆ ತಿಂಗಳೂ ವಾಗೀಶ ಮನೆಯವರನ್ನು ಗೋಳು ಹೊಯ್ದುಕೊಂಡ. ದಿನ ಬಿಟ್ಟು ದಿನ ಡ್ರೆಸಿಂಗ್‌ಗೆ ಆಟೋ ಬೇಕು, ಆಟೋ ಬೇಗ ಬರಲಿಲ್ಲವೆಂದರೆ ಸಿಟ್ಟು. ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ಅದಕ್ಕೂ ಸಿಟ್ಟು. ಮತ್ತೆ ಕಾರು ಓಡಿಸುವುದು ಯಾವಾಗ ಎಂದು ಪ್ರತಿ ಸಲವೂ ಡಾಕ್ಟರನ್ನು ಕೇಳಿದ. ಪಾದಕ್ಕೆ ಪೆಡಲ್ ಗೊತ್ತಾಗದಿದ್ದ ಮೇಲೆ ಬ್ರೇಕ್ ಎಷ್ಟು ಒತ್ತಿದೆ ಅನ್ನುವುದೂ ಗೊತ್ತಾಗುವುದಿಲ್ಲ, ಈ ಕಾಲಿನಲ್ಲಿ ಓಡಿಸುವುದು ಬೇಡ ಎಂದು ಅವರು ಪ್ರತಿ ಸಲವೂ ಅದೇ ಉತ್ತರ ಕೊಟ್ಟರು. ನೋಡಿಕೊಂಡು ಓಡಿಸುತ್ತೇನೆ ಎಂದ. ಪಾದ ನೋಡುತ್ತೀರೋ ರಸ್ತೆ ನೋಡುತ್ತೀರೋ ಎಂದು ಕೇಳಿದರು.

ಕಾರು ಮಾರೋಣವೆಂದ. ಅಲಮೇಲು ಬೇಡವೆಂದಳು. ಗಂಡನಿಗೆ ಹೇಳದೆ ಅವಳು ಆಗಲೇ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಳು. ಬ್ಯಾಂಕಿಗೆ ಹೋಗುವ ಮುನ್ನ, ಬೆಳಗಿನ ಆರಕ್ಕೇ ವಾಕಿಂಗ್ ಎಂದು ಹೇಳಿ ಹೊರಡುತ್ತಿದ್ದಳು. ಲೈಸೆನ್ಸ್ ಬಂದ ದಿನ ಸಮನ್ವಿತಾ ವಿಷಯ ಬಾಯಿಬಿಟ್ಟಳು. ವಾಗೀಶ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡ, ಸವೆಯುತ್ತದೆ ಎಂದು ಮಾತ್ರ ಹೇಳಿದ.

ಕಾಲೇಜಿಗೆ ಮತ್ತೆ ಹೋಗುವ ಮೊದಲ ಬೆಳಿಗ್ಗೆ ಅವಳೇ ಕಾರು ತೆಗೆದಳು. ಸರ್ಕಲ್ ಹತ್ತಿರ ಇಂಜಿನ್ ಆಫ್ ಮಾಡಿಕೊಂಡಳು. ಹಿಂದಿನವರು ಹಾರ್ನ್ ಹೊಡೆದರು. ಮತ್ತೆ ಶುರು ಮಾಡಿ, ಭಯಕ್ಕೆ ವಿಪರೀತ ರೇಸ್ ಕೊಟ್ಟಳು. ಮುಳ್ಳು ಎರಡು ಸಾವಿರ ದಾಟಿತು.

"ಅಷ್ಟು ಬೇಡ, ಅಲಮೇಲು. ಕಡಿಮೆ ಮಾಡು."

"ನೀವು ಹೊರಗೆ ನೋಡ್ರೀ," ಎಂದಳು ಅವಳು, ಕಣ್ಣು ರಸ್ತೆಯಿಂದ ತೆಗೆಯದೆ.

ಅವನು ಹೊರಗೆ ನೋಡಿದ. ಹಲ್ಲು ಕಚ್ಚಿಕೊಂಡೇ ನೋಡಿದ. ಕಾಲೇಜಿನ ಗೇಟಿನ ಬಳಿ ಎಡಬಾಗಿಲಿನಿಂದ ಇಳಿಯುವುದನ್ನು ನಾಲ್ಕು ಜನ ಹುಡುಗರು ನೋಡಿದರು. ನಮಸ್ಕಾರ ಸಾರ್ ಎಂದರು, ಹುಷಾರಾಗಿದ್ದೀರಾ ಎಂದು ಕೇಳಿದರು. ಬೆಳಗಿನ ಮೂರೂ ತರಗತಿಗಳಲ್ಲಿ ಅವನು ಸಣ್ಣ ಸಣ್ಣ ತಪ್ಪಿಗೂ ಹುಡುಗರನ್ನು ಗದರಿದ. ಮಧ್ಯಾಹ್ನದ ಪ್ರಯೋಗದಲ್ಲಿ ಒಬ್ಬಳು ತೊಟ್ಟು ಹೆಚ್ಚು ಹಾಕಿ ಹೆದರಿಕೊಂಡು ನಿಂತಾಗ, ಇನ್ನೊಮ್ಮೆ ಮಾಡಮ್ಮ ಎಂದು ಅವಳ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತ. ನಿಲ್ಲುವುದು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದ್ದರು.

ಸಂಜೆ ಗೇಟಿನಾಚೆ ಕಾರು ಬಂದು ನಿಂತಿತು. ಬಂಪರಿನ ಎಡಮೂಲೆಯಲ್ಲಿ ಬೆಳಿಗ್ಗೆ ಇಲ್ಲದ ಒಂದು ಗೀರು ಇತ್ತು. ವಾಗೀಶ ಅದನ್ನು ನೋಡಿದ, ಅಲಮೇಲು ಅವನು ನೋಡುವುದನ್ನು ನೋಡಿದಳು. ಅವನು ಎಡಬಾಗಿಲು ತೆಗೆದು ಒಳಗೆ ಕೂತ.